ಅಂದು ಕಂಚಿಗೆ, ಇಂದು ಎಲ್ಲಿಗೆ?

ತಾಳಗುಂದ: ಹೆಚ್ಚಿನ ವಿದ್ಯೆಗಾಗಿ ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೊರಟ ಕತೆಯನ್ನು ಇಲ್ಲಿನ ಪ್ರಣವೇಶ್ವರ ಗುಡಿಯೆದುರಿನ ಕಲ್ಲುಕಂಬ ಹೇಳುತ್ತದೆ. ಸಂಶೋಧನೆ ಕಲಿಯಬೇಕೆನ್ನುವ ಇಂದಿನ ತಾಲ್ಲೂಕು ಡಾಕ್ಟರಿಗೂ ಅದೇ ದಾರಿ, ಊರು ಬಿಡಬೇಕು.

ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು. ಜನರೂ ಜ್ವರದಿಂದ ಮಲಗಿದರು. ವೈರಸ್ ಪತ್ತೆ ಹಚ್ಚಿದ್ದು ಪುಣೆಯ ಸಂಶೋಧಕರು. ಹರಡುವುದು ಉಣುಗು ಎಂದು ತಿಳಿಯಿತು. ಲಸಿಕೆಯೂ ಬಂತು, ಪರಿಣಾಮ ಸಾಲದೆಂದು 2022ರಲ್ಲಿ ನಿಂತೂ ಹೋಯಿತು.

ರೋಗಿಯನ್ನು ಮೊದಲು ಕಾಣುವವರು ಇಲ್ಲಿನ ಡಾಕ್ಟರುಗಳೇ. ಯಾರು ದರಗು ತರಲು ಕಾಡಿಗೆ ಹೋಗಿದ್ದರು, ಬಿಟ್ಟ ಜ್ವರ ಯಾವಾಗ ಮರುಕಳಿಸಿತು, ಎಲ್ಲಾ ಅವರ ಕಣ್ಣೆದುರೇ ನಡೆಯುವಂಥದು. ಕಂಡರಷ್ಟೇ ಸಾಕೇ? ಸರಿಯಾದ ಪ್ರಶ್ನೆ ಹಾಕಿಕೊಳ್ಳುವುದು, ರೋಗಿಯ ಒಪ್ಪಿಗೆ ಪಡೆದು ದಾಖಲೆ ಇಡುವುದು, ಲೆಕ್ಕ ತಾಳೆ ನೋಡುವುದು ಬೇರೆಯೇ ಕಸುಬು. ಪಿಎಚ್.ಡಿ. ಕಲಿಸುವುದು ಅದನ್ನೇ.

ಎಂ.ಡಿ., ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಕಲಿಸುವ ವೈದ್ಯಶಾಲೆ ಕಟ್ಟುವುದಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಪ್ರಕಟಿಸಿತು. ದಾನಿಗಳು ಒಪ್ಪಿದ್ದು 425 ಕೋಟಿ ರೂಪಾಯಿ. ಸಂತೋಷವೇ. ಆದರೆ ಹೊರರೋಗಿಗಳ ಸಾಲು ಬಿಟ್ಟು ಬೆಂಗಳೂರಿಗೆ ಹೋಗಲಾರದ ಡಾಕ್ಟರು ಏನು ಮಾಡಬೇಕು? ಶಿವಮೊಗ್ಗದಲ್ಲಿ ಮೆಡಿಕಲ್ ಕಾಲೇಜಿದೆ, ವೈರಸ್ ಪರೀಕ್ಷಾಲಯವೂ ಇದೆ. ವಾರಕ್ಕೆರಡು ದಿನ ಬಿಡುವು, ಅಲ್ಲೇ ಒಬ್ಬ ಮಾರ್ಗದರ್ಶಕರು ಸಿಕ್ಕರೆ, ಬೇಸಿಗೆಯ ಜ್ವರದ ರಿಜಿಸ್ಟರೇ ಪ್ರಬಂಧವಾದೀತು.