ಮಳೆಗಾಲದಲ್ಲಿ ಅಂಟಿಸಿದ ಗಿಟಾರು

ನಮ್ಮ ಸಂಘದ ಆಡಳಿತ ಮಂಡಳಿಯ ಮುಂದೆ ಗೊಬ್ಬರಕ್ಕೆ, ಪಂಪ್‌ಸೆಟ್ಟಿಗೆ, ಕಣ ದುರಸ್ತಿಗೆ ಸಾಲದ ಅರ್ಜಿಗಳು ಬರುವುದು ವಾಡಿಕೆ. ಮನೆಯಲ್ಲೇ ಗಿಟಾರು ಕಟ್ಟುವ ಕೆಲಸಕ್ಕೆ ಸಾಲ ಬೇಕೆಂಬ ಅರ್ಜಿ ಬಂದದ್ದು ಮಾತ್ರ ಅದೇ ಮೊದಲು. ಅರ್ಜಿದಾರರು ಸಂಘದ ಹಳೆಯ ಸದಸ್ಯರೊಬ್ಬರ ಮಗ. ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಕಲಿತು, ತೋಟವನ್ನೂ ನೋಡಿಕೊಳ್ಳುವೆನೆಂದು ಊರಿಗೆ ಮರಳಿದ ಹುಡುಗ. ಸಭೆಯಲ್ಲಿ ಕೆಲವರು ನಕ್ಕರು. ಜಾಮೀನಿಗೆ ಸಹಿ ಹಾಕಿ ಮೂಲೆಯಲ್ಲಿ ಕುಳಿತಿದ್ದ ತಂದೆ ನಗಲಿಲ್ಲ.

ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ, ಅಷ್ಟರಲ್ಲಿ ಮುಧೋಳದಿಂದ ದೂರವಾಣಿ ಬಂತು. ಹುಡುಗ ಕಟ್ಟಿ ಮಾರಿದ ಮೊದಲ ಗಿಟಾರನ್ನು ಕೊಂಡವರು ಅಲ್ಲಿಯ ಸಂಗೀತದ ಮೇಷ್ಟ್ರೊಬ್ಬರು. ಜನವರಿಯಲ್ಲಿ ಅದರ ಮುಖದ ಹಲಗೆ ಉದ್ದಕ್ಕೂ ಸೀಳಿತ್ತು. "ಮೊದಲನೆಯದೇ ಒಡೆದರೆ ಮುಂದೇನು ಗತಿ?" ಎಂದು ಮಂಡಳಿ ಕೇಳಿತು. ಹೋಗಿ ನೋಡಿ ವರದಿ ಕೊಡುವ ಕೆಲಸ ಕಾರ್ಯದರ್ಶಿಯಾದ ನಮ್ಮ ಪಾಲಿಗೆ ಬಂತು. ಹುಡುಗನನ್ನು ಕರೆದುಕೊಂಡೇ ಹೊರಟೆವು. ಈ ಲೇಖನ ಆ ವರದಿಯ ವಿಸ್ತಾರ. ಗಿಟಾರಿನ ಗೊಡವೆ ಇಲ್ಲದ ಸದಸ್ಯರಿಗೂ ಇದರಲ್ಲಿ ಉಪಯೋಗದ ಮಾತುಗಳಿವೆಯೆಂದು ನಂಬಿದ್ದೇವೆ.

ಮುಧೋಳದಲ್ಲಿ ಕಂಡದ್ದು

ಮೇಷ್ಟ್ರು ಸಿಟ್ಟಿನ ಮನುಷ್ಯರಲ್ಲ. ಚಹಾ ಕೊಟ್ಟು ಗಿಟಾರನ್ನು ಮುಂದಿಟ್ಟರು. "ಕೆಲಸ ಚಲೋ ಐತ್ರಿ, ನಾದಾನೂ ಚಲೋ ಇತ್ತು. ಒಂದು ರಾತ್ರಿ ಟಪ್ ಅಂತ ಸಪ್ಪಳಾತು, ಮುಂಜಾನೆ ನೋಡಿದ್ರ ಹಿಂಗ" ಎಂದರು. ಸೀಳಿನೊಳಗೆ ಪೋಸ್ಟ್ ಕಾರ್ಡಿನ ಅಂಚು ಸಲೀಸಾಗಿ ಹೋಗುತ್ತಿತ್ತು.

ಹುಡುಗನನ್ನು ಒಂದೇ ಪ್ರಶ್ನೆ ಕೇಳಿದೆವು: ಪೆಟ್ಟಿಗೆಯನ್ನು ಅಂಟಿಸಿ ಮುಚ್ಚಿದ್ದು ಯಾವ ತಿಂಗಳು? "ಜುಲೈ" ಎಂದ. ನಮ್ಮ ಕಡೆಯ ಜುಲೈ ಎಂದರೆ ಗೋಡೆ ಬೆವರುವ, ಮಡಿಸಿಟ್ಟ ಬಟ್ಟೆಗೆ ಬೂಷ್ಟು ಬರುವ ಕಾಲ. ಕಾರಣ ಅಲ್ಲೇ ಸಿಕ್ಕಿತು.

ಮರ ಕಡಿದ ಮೇಲೂ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಹೀರಿದಾಗ ಎಳೆಯ ಅಡ್ಡಕ್ಕೆ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಗಿಟಾರಿನ ಮುಖದ ಹಲಗೆ ಸುಮಾರು 400 ಮಿಲಿಮೀಟರು ಅಗಲ, ಎರಡೂವರೆಯಿಂದ ಮೂರು ಮಿಲಿಮೀಟರು ದಪ್ಪ. ಮರದ ತೇವಾಂಶ ಶೇಕಡಾ 5ರಷ್ಟು ಇಳಿದರೂ ಈ ಅಗಲದಲ್ಲಿ ಎರಡು-ಮೂರು ಮಿಲಿಮೀಟರು ಕಡಿಮೆಯಾಗುತ್ತದೆ. ಆದರೆ ಹಲಗೆಯ ಬೆನ್ನಿಗೆ ಅಡ್ಡಡ್ಡ ಅಂಟಿಸಿದ ಪಟ್ಟಿಗಳು ಅದನ್ನು ಕುಗ್ಗಲು ಬಿಡುವುದಿಲ್ಲ. ಮೇಲಿನಿಂದ ಆರು ಉಕ್ಕಿನ ತಂತಿಗಳ ಎಳೆತ ಬೇರೆ. ಅದು ಒಟ್ಟು 70 ಕಿಲೋ ಆಸುಪಾಸು, ಅಂದರೆ ಹೆಚ್ಚುಕಡಿಮೆ ಒಂದು ಅಡಿಕೆ ಮೂಟೆಯ ಭಾರ. ಮಲೆನಾಡಿನ ಮಳೆಯಲ್ಲಿ ಹಿಗ್ಗಿದ್ದಾಗ ಅಂಟಿಸಿದ ಹಲಗೆ ಘಟಪ್ರಭೆಯ ದಂಡೆಯ ಚಳಿಗಾಲದ ಒಣಗಾಳಿಗೆ ಸೀಳದೆ ಇನ್ನೇನು ಮಾಡೀತು?

ನಾವು ಕಾಫಿಯವರು ಇದನ್ನು ತಿಳಿಯದವರಲ್ಲ. ಪಾರ್ಚ್‌ಮೆಂಟ್ ಶೇಕಡಾ 10ಕ್ಕೆ, ರೊಬಸ್ಟಾ ಚೆರಿ 11ಕ್ಕೆ ಒಣಗದೆ ಮೂಟೆ ಕಟ್ಟಬಾರದೆಂದು ಮಕ್ಕಳಿಗೂ ಹೇಳಿಕೊಡುತ್ತೇವೆ. ಅದೇ ಮಕ್ಕಳಿಗೆ ಮರದ ವಿಷಯದಲ್ಲಿ ಹೇಳುವುದನ್ನು ಮರೆತೆವು.

ಮಗ್ಗದ ಮನೆಗಳ ಪಾಠ

ಮರುದಿನ ಮೇಷ್ಟ್ರೇ ನಮ್ಮನ್ನು ರಬಕವಿ-ಬನಹಟ್ಟಿಗೆ ಕರೆದೊಯ್ದರು. 2018ರಲ್ಲಿ ತಾಲ್ಲೂಕಾದ ಈ ಜೋಡಿ ಊರು ಮೊದಲು ಜಮಖಂಡಿ ತಾಲ್ಲೂಕಿನಲ್ಲಿತ್ತು. ಅಲ್ಲಿಯ ಬೀದಿಗಳಲ್ಲಿ ಈಗ ಕೇಳುವುದು ಹೆಚ್ಚಾಗಿ ವಿದ್ಯುತ್ ಮಗ್ಗದ ಸಪ್ಪಳ. ಆದರೂ ಕೈಮಗ್ಗ ಉಳಿಸಿಕೊಂಡ ಮನೆಗಳಿವೆ. ಅಂಥದೊಂದು ಮನೆಗೆ ಹೋದೆವು.

ಒಂದೇ ಪಡಸಾಲೆ. ಕಿಟಕಿಯ ಬೆಳಕು ಬೀಳುವಲ್ಲಿ ಕುಣಿಮಗ್ಗ. ನೇಯುವವರು ಕುಣಿಯಲ್ಲಿ ಕಾಲಿಳಿಬಿಟ್ಟು ನೆಲಮಟ್ಟದಲ್ಲಿ ಕುಳಿತಿದ್ದರು. ಅವರ ತಾಯಿ ಬಾಗಿಲ ಬಳಿ ಕಂಡಿಕೆ ಸುತ್ತುತ್ತಿದ್ದರು. ಹಾಸಿನ ನೂಲು ಒಂದು ಕಡೆ, ಹೊಕ್ಕಿನದು ಇನ್ನೊಂದು ಕಡೆ. ಕತ್ತರಿ, ಎಣ್ಣೆಯ ಬಟ್ಟಲು, ತುಂಡು ನೂಲು ಎಲ್ಲವೂ ಕುಳಿತಲ್ಲಿಂದ ಕೈಗೆಟಕುವಂತಿದ್ದವು. ಏನನ್ನೂ ಹುಡುಕಲು ಅವರು ಎದ್ದದ್ದನ್ನು ನಾವು ಕಾಣಲಿಲ್ಲ.

ನೆಲ ಅಗೆದು ಕೂರುವುದೇಕೆಂದು ಹುಡುಗ ಕೇಳಿದ. ಅಜ್ಜಿ ಕಂಡಿಕೆ ನಿಲ್ಲಿಸದೆಯೇ ಹೇಳಿದರು: "ನೂಲು ಒಣಗಿದ್ರ ಹರೀತೈತಿ ತಮ್ಮಾ. ನೆಲದ ತಂಪು ಅದಕ್ಕ ಬೇಕು. ಬ್ಯಾಸಗಿಯೊಳಗ ನೀರೂ ಚಿಮಕಸ್ತೀವಿ."

ಹುಡುಗ ನಮ್ಮ ಮುಖ ನೋಡಿದ. ಒಣನಾಡಿನ ನೇಕಾರರು ತಮ್ಮ ನೂಲಿಗೆ ಬೇಕಾದ ತೇವವನ್ನು ಕುಣಿ ತೋಡಿ ಹಿಡಿದಿಟ್ಟುಕೊಂಡಿದ್ದಾರೆ. ತೇವದ ನಾಡಿನವರಾದ ನಾವು ನಮ್ಮ ಮರಕ್ಕೆ ಬೇಕಾದ ಒಣಗಾಳಿಯನ್ನು ಹಾಗೆಯೇ ಹಿಡಿದಿಡಬೇಕು. ಮನೆಯ ಕಾರ್ಖಾನೆಗೆ ಮೊದಲು ಬೇಕಾದದ್ದು ಯಂತ್ರವಲ್ಲ, ಸಾಮಾನಿಗೆ ಒಗ್ಗುವ ಗಾಳಿ. ಹುಡುಗನ ಅರ್ಜಿಯಲ್ಲಿ ಬ್ಯಾಂಡ್ ಸಾ ಇತ್ತು, ಸ್ಯಾಂಡಿಂಗ್ ಯಂತ್ರವಿತ್ತು. ಒಣಕೋಣೆಯ ಮಾತೇ ಇರಲಿಲ್ಲ.

ಬೀಳಗಿ ಕಡೆಯ ಬಡಿಗರೊಬ್ಬರು ಇದನ್ನೇ ಬೇರೆ ರೀತಿಯಲ್ಲಿ ಹೇಳಿದರು. ಹಸಿ ಜಾಲಿಯಲ್ಲಿ ಮಾಡಿದ ಬಂಡಿಯ ಗಾಲಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಕಬ್ಬಿಣದ ಪಟ್ಟಾ ಸಡಿಲವಾಗುತ್ತದೆ. "ಕಟಗಿ ಒಣಗಸೂದ ಅರ್ಧಾ ಕೆಲಸರಿ" ಎಂದರು.

ಜಮಖಂಡಿಯಲ್ಲಿ ತಂಗಿದ್ದು ಮಾರನೆಯ ದಿನ ಮಿರಜಕ್ಕೆ ಹೋಗಿಬಂದೆವು. 1948ರಲ್ಲಿ ವಿಲೀನವಾಗುವ ತನಕ ಎರಡೂ ಪಟವರ್ಧನ ಮನೆತನದ ಸಂಸ್ಥಾನಗಳು. ಮಿರಜದ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಲ್ಲೂ ವಾದ್ಯದ ಕೆಲಸ ಸಣ್ಣ ಜಾಗಗಳಲ್ಲೇ, ಮನೆತನದ ಕಸುಬಾಗಿ ನಡೆದು ಬಂದಿದೆ. ಚೆನ್ನಾಗಿ ಒಣಗದ ಸೋರೆ ಬುರುಡೆಯನ್ನು ಅವರು ಮುಟ್ಟುವುದಿಲ್ಲ.

ಕೋಣೆ ಹೇಗಿರಬೇಕು?

ಮರಳಿದ ಮೇಲೆ ಹುಡುಗನೂ ನಾವೂ ಕೂಡಿ ಬರೆದ ಪಟ್ಟಿ ಹೀಗಿದೆ:

1. ಹತ್ತು ಅಡಿ ಹನ್ನೆರಡು ಅಡಿಯ ಕೋಣೆ ಸಾಕು. ನೆಲಮಾಳಿಗೆ, ಬಚ್ಚಲಿನ ಪಕ್ಕ, ಅಡಿಕೆ ಬೇಯಿಸುವ ಒಲೆಯ ಹತ್ತಿರ ಬೇಡ. ಉತ್ತರದ ಕಿಟಕಿಯ ಬೆಳಕು ಒಳ್ಳೆಯದು. ಸಂದುಗಳನ್ನು ಮುಚ್ಚಿರಬೇಕು.

2. ಗೋಡೆಗೆ ತೇವಾಂಶ ಮಾಪಕ. ಗಾಳಿಯ ತೇವ ಶೇಕಡಾ 45ರಿಂದ 50ರೊಳಗೆ ಇದ್ದಾಗ ಮಾತ್ರ ಪಟ್ಟಿ ಅಂಟಿಸುವುದು, ಪೆಟ್ಟಿಗೆ ಮುಚ್ಚುವುದು.

3. ಹಲಗೆಗಳಿಗೆ ಒಂದು ಮುಚ್ಚಿದ ಕಪಾಟು, ಒಳಗೆ ಕಾವಿಗಾಗಿ ಹಳೆಯ ಬಗೆಯ 60 ವ್ಯಾಟಿನ ಬಲ್ಬು. ಎಲ್‌ಇಡಿ ಬಲ್ಬಿನಲ್ಲಿ ಸಾಕಷ್ಟು ಕಾವಿರುವುದಿಲ್ಲ. ಬಲ್ಬಿಗೂ ಹಲಗೆಗೂ ನಡುವೆ ಒಂದಡಿ ಅಂತರವಿರಲಿ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಇಳಿಯುವುದು ನಿಂತ ಮೇಲೆ ಉಪಯೋಗಿಸಬೇಕು.

4. ಸೊಂಟದೆತ್ತರದ ಗಟ್ಟಿ ಮೇಜು, ಕೀಸುಳಿ, ಎರಡು-ಮೂರು ಉಳಿ, ಸಣ್ಣ ಹಲ್ಲಿನ ಗರಗಸ, ಪ್ಲೈವುಡ್ಡಿನ ಅಚ್ಚು. ಎರಡು ಮಿಲಿಮೀಟರಿನ ಪಕ್ಕದ ಹಲಗೆ ಬಗ್ಗಿಸಲು ಒಳಗಿನಿಂದ ಕಾಯಿಸಿದ ಕಬ್ಬಿಣದ ಕೊಳವೆ. ಒತ್ತಿ ಹಿಡಿಯಲು ದುಬಾರಿ ಕ್ಲಾಂಪುಗಳೇ ಬೇಕೆಂದಿಲ್ಲ. ಮೇಜಿನ ಮೇಲೆ ಮೂರಡಿ ಎತ್ತರದಲ್ಲಿ ಇನ್ನೊಂದು ಹಲಗೆ ಬಿಗಿದು, ನಡುವೆ ಬಿದಿರಿನ ದಬ್ಬೆಗಳನ್ನು ಬಗ್ಗಿಸಿ ನಿಲ್ಲಿಸಿದರೆ ಅವೇ ಒತ್ತುತ್ತವೆ.

5. ಮನೆಗಳ ಅಳತೆಗೆ ಉಕ್ಕಿನ ಪಟ್ಟಿ. ತಂತಿಯ ಉದ್ದ 650 ಮಿಲಿಮೀಟರಾದರೆ ಅದನ್ನು 17.817ರಿಂದ ಭಾಗಿಸಿದಾಗ ಬರುವ 36.5 ಮೊದಲ ಮನೆಯ ಅಂತರ. ಉಳಿದ ಉದ್ದವನ್ನು ಮತ್ತೆ ಹಾಗೆಯೇ ಭಾಗಿಸುತ್ತ ಹೋದರೆ ಹನ್ನೆರಡನೆಯ ಮನೆ ಸರಿಯಾಗಿ ನಡುವೆ, 325ಕ್ಕೆ ಬರಬೇಕು. ಬಾರದಿದ್ದರೆ ಲೆಕ್ಕ ತಪ್ಪಿದೆ.

6. ಬೀಟೆಯ ಧೂಳು ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. ಮುಖವಾಡವಿಲ್ಲದೆ ಉಜ್ಜಬಾರದು.

ಬೀಟೆಯ ಮಾತು ಬಂದಾಗ ಒಂದು ಎಚ್ಚರಿಕೆ. ಗಿಟಾರಿನ ಬೆನ್ನಿಗೆ, ಪಕ್ಕಕ್ಕೆ ಲೋಕವೆಲ್ಲ ಬಯಸುವ ಮರ ನಮ್ಮ ತೋಟದಲ್ಲೇ ನಿಂತಿದೆ ನಿಜ. ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. 2017ರ ಜನವರಿಯಿಂದ ನಮ್ಮ ಬೀಟೆ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 2019ರ ನವೆಂಬರಿನಿಂದ ಆ ನಿರ್ಬಂಧದಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರಕಿದೆ. ಹುಡುಗ ಬಳಸಿದ್ದು ಅಜ್ಜನ ಕಾಲದ ಮುರುಕು ಮಂಚದ ಹಲಗೆ. ಹಳೆಯ ಮರ ಹದವಾಗಿ ಒಣಗಿರುತ್ತದೆ. ಎಲ್ಲಿಂದ ಬಂತೆಂಬುದಕ್ಕೆ ಬರಹದಲ್ಲಿ ದಾಖಲೆ ಇಟ್ಟುಕೊಳ್ಳುವುದು ಕ್ಷೇಮ. ವೀಣೆಗೆ ಒಗ್ಗಿದ ಹಲಸು ನಮ್ಮಲ್ಲಿ ಧಾರಾಳವಾಗಿದೆ; ಅದರಲ್ಲೂ ಪ್ರಯೋಗ ಮಾಡಬಹುದು.

ಒಂದು ತೊಡಕು

ಮಲೆನಾಡಿನಲ್ಲಿ ಅಂಟಿನ ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರಿನಿಂದ ಏಪ್ರಿಲ್. ಕಾಫಿ ಕೊಯ್ಲಿಗೂ ಅಡಿಕೆ ಕೊನೆಗೂ ಕೈ ಸಾಲದ ಕಾಲವೂ ಅದೇ. ಮಗ ಅಂಗಳದಲ್ಲಿ ಕಾಫಿ ಹರಗಬೇಕೇ, ಕೋಣೆಯಲ್ಲಿ ಗಿಟಾರು ಅಂಟಿಸಬೇಕೇ? ತಂದೆ ಈ ಪ್ರಶ್ನೆಯನ್ನು ನಮ್ಮ ಮುಂದೆಯೇ ಕೇಳಿದರು. ಅದನ್ನು ಮಾತಿನಲ್ಲಿ ಹಾರಿಸಿಬಿಡುವಂತಿರಲಿಲ್ಲ. ಕೊನೆಗೆ ಅಪ್ಪ-ಮಗ ಹೀಗೆ ಒಪ್ಪಿದರು: ಹಗಲು ತೋಟ, ಕೊಯ್ಲಿನ ದಿನಗಳಲ್ಲಿ ಸಂಜೆ ಎರಡು ಗಂಟೆ ಅಂಟಿನ ಕೆಲಸ, ಕುತ್ತಿಗೆ ಕೆತ್ತುವುದು, ಅಚ್ಚು ಮಾಡುವುದು, ಉಜ್ಜುವುದೆಲ್ಲ ಮಳೆಗಾಲಕ್ಕೆ. ವರ್ಷಕ್ಕೆ ನಾಲ್ಕೇ ಗಿಟಾರು. ಮೊದಲ ಅರ್ಜಿಯಲ್ಲಿ ಬರೆದದ್ದು ಇಪ್ಪತ್ತು.

ಮಂಡಳಿ ಅರ್ಜಿಯನ್ನು ತಿದ್ದಿಸಿ ಮಂಜೂರು ಮಾಡಿತು. ಯಂತ್ರಗಳಿಗಲ್ಲ, ಕೋಣೆಯ ಸಂದು ಮುಚ್ಚಲು, ಕಪಾಟಿಗೆ, ತೇವ ಹೀರುವ ಯಂತ್ರವೊಂದಕ್ಕೆ. ಕೇಳಿದ ಮೊತ್ತದ ಮೂರರಲ್ಲೊಂದು ಪಾಲಿನಲ್ಲಿ ಮುಗಿಯಿತು.

ಮುಧೋಳದ ಗಿಟಾರನ್ನು ಹುಡುಗ ತನ್ನ ಖರ್ಚಿನಲ್ಲೇ ತಂದು, ತುಸು ತೇವ ಕೊಟ್ಟು ಸೀಳು ಕೂಡಿಸಿ, ಒಳಗಿನಿಂದ ಸಣ್ಣ ತುಂಡುಗಳನ್ನು ಅಂಟಿಸಿ ಮಾರ್ಚಿಯಲ್ಲಿ ಮರಳಿಸಿದ. ಗೆರೆ ಈಗಲೂ ಕಾಣುತ್ತದೆ. ಮುಂದಿನ ಬೇಸಿಗೆಯನ್ನು ಅದು ತಾಳಿತು. ಮೇಷ್ಟ್ರು ಹಣ ವಾಪಸು ಕೇಳಲಿಲ್ಲ. ತಮ್ಮ ಶಿಷ್ಯನಿಗೆಂದು ಇನ್ನೊಂದಕ್ಕೆ ಮುಂಗಡ ಕಳಿಸಿದ್ದಾರೆ. ಅದರೊಡನೆ ಬಂದ ಚೀಟಿಯಲ್ಲಿ ಒಂದೇ ಷರತ್ತು: "ಮಳಿಗಾಲದಾಗ ಅಂಟಸಬ್ಯಾಡ್ರಿ."

ಮನೆಯಲ್ಲಿ ಇಂಥ ಕಸುಬು ತೊಡಗಬಯಸುವ ಸದಸ್ಯರ ಮಕ್ಕಳು ಕಚೇರಿಯ ವೇಳೆಯಲ್ಲಿ ಬಂದು ನಮ್ಮನ್ನು ಕಾಣಬಹುದು. ಯಂತ್ರದ ಬೆಲೆಪಟ್ಟಿ ತರುವ ಮೊದಲು ತಮ್ಮ ಕೋಣೆಯ ಒಂದು ವರ್ಷದ ತೇವಾಂಶವನ್ನು ಬರೆದು ತಂದರೆ ಮಾತು ಸುಲಭವಾಗುತ್ತದೆ.