ಆಳಸಾಗರದ ಲೋಹಸಂಪತ್ತು ಮತ್ತು ಅಲ್ಲಿನ ಜೀವಸಮುದಾಯ

ಮಹಾಸಾಗರಗಳ ತಳದಲ್ಲಿ, 4,000ದಿಂದ 6,000 ಮೀಟರು ಆಳದ ವಿಶಾಲವಾದ ಬಯಲುಗಳಲ್ಲಿ, ಆಲೂಗಡ್ಡೆಯ ಗಾತ್ರದ ಕಪ್ಪು ಗಂಟುಗಳು ಹರಡಿಕೊಂಡಿವೆ. 1872ರಿಂದ 1876ರವರೆಗೆ ಸಾಗರಗಳನ್ನು ಪರಿಶೋಧಿಸಿದ ಬ್ರಿಟನ್ನಿನ ‘ಚಾಲೆಂಜರ್’ ನೌಕೆಯು ಇವನ್ನು ಮೇಲೆತ್ತಿ ವಿದ್ವಲ್ಲೋಕಕ್ಕೆ ಪರಿಚಯಿಸಿತು. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಲೋಹಗಳು ಇವುಗಳಲ್ಲಿ ಅಡಕವಾಗಿರುವುದರಿಂದ ಹಲವು ರಾಷ್ಟ್ರಗಳ ದೃಷ್ಟಿ ಅತ್ತ ಹರಿದಿದೆ. ಈ ಗಂಟುಗಳನ್ನು ಬಾಚಿ ತೆಗೆದರೆ ಸಾಗರತಳದ ಜೀವಿಗಳಿಗೆ ಒದಗುವ ಗತಿಯೇನು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಶಾರ್ಕ್ ಮೀನಿನ ಹಲ್ಲು ಇಲ್ಲವೆ ಕಲ್ಲಿನ ಚೂರಿನ ಸುತ್ತ ಲೋಹಾಂಶವು ಪದರಪದರವಾಗಿ ಸಂಚಯಗೊಂಡು ಗಂಟು ಬೆಳೆಯುತ್ತದೆ. ಸಾಮಾನ್ಯವಾಗಿ ಹತ್ತು ಲಕ್ಷ ವರ್ಷಗಳಲ್ಲಿ ಅದು ಕೆಲವು ಮಿಲಿಮೀಟರುಗಳಿಂದ ಕೆಲವು ಹತ್ತು ಮಿಲಿಮೀಟರುಗಳಷ್ಟು ಮಾತ್ರ ವೃದ್ಧಿಯಾಗುತ್ತದೆ. ಮೆತ್ತನೆಯ ಕೆಸರೇ ತುಂಬಿರುವ ಆ ಬಯಲಿನಲ್ಲಿ ಸ್ಪಂಜು, ಹವಳ ಮೊದಲಾದ ಅಚರ ಪ್ರಾಣಿಗಳಿಗೆ ನೆಲೆಯೂರಲು ದೊರೆಯುವ ಗಟ್ಟಿ ಆಧಾರವೆಂದರೆ ಈ ಗಂಟುಗಳೇ. ಗಂಟಿಗೆ ಅಂಟಿ ಬೆಳೆದು ಸತ್ತ ಸ್ಪಂಜಿನ ಕಾಂಡದ ಮೇಲೆ ಅಷ್ಟಪದಿಯೊಂದು ಮೊಟ್ಟೆಯಿಟ್ಟು ಕಾಯುವುದನ್ನೂ ಶೋಧಕರು ಕಂಡಿದ್ದಾರೆ. ಆದುದರಿಂದ ಗಂಟನ್ನು ಕಿತ್ತರೆ ಹೋಗುವುದು ಖನಿಜವಷ್ಟೇ ಅಲ್ಲ, ಅನೇಕ ಜೀವಿಗಳ ವಾಸಸ್ಥಾನವೂ ಹೌದು.

ಇಂಥ ಹಾನಿ ಎಷ್ಟು ಕಾಲ ಉಳಿಯುವುದೆಂಬುದನ್ನು ಜರ್ಮನಿಯ ವಿಜ್ಞಾನಿಗಳು ಪ್ರಯೋಗದಿಂದಲೇ ಪರೀಕ್ಷಿಸಿದರು. 1989ರಲ್ಲಿ ಅವರು ಪೆರು ದೇಶದ ಪಶ್ಚಿಮಕ್ಕೆ, ಶಾಂತಸಾಗರದ ಸುಮಾರು 4,150 ಮೀಟರು ಆಳದಲ್ಲಿ, 8 ಮೀಟರು ಅಗಲದ ನೇಗಿಲಿನಂಥ ಸಲಕರಣೆಯನ್ನು ಸುಮಾರು 11 ಚದರ ಕಿಲೋಮೀಟರು ಕ್ಷೇತ್ರದಲ್ಲಿ 78 ಸಲ ಎಳೆದರು. 26 ವರ್ಷಗಳ ತರುವಾಯ, 2015ರಲ್ಲಿ, ಮತ್ತೆ ಹೋಗಿ ನೋಡಿದಾಗ ಉತ್ತ ಸಾಲುಗಳು ಸ್ಪಷ್ಟವಾಗಿಯೇ ಇದ್ದವು. ಅಲ್ಲಿ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಕುಂಠಿತವಾಗಿತ್ತು. ಆ ಆಳಕ್ಕೆ ಬೆಳಕು ಇಳಿಯುವುದಿಲ್ಲ. ಮೇಲಿನಿಂದ ಉದುರುವ ಅಲ್ಪ ಜೈವಿಕ ಪದಾರ್ಥವೇ ಆಹಾರ. ಕೆಸರಿನ ಫಲವತ್ತಾದ ಮೇಲ್ಪದರ ಒಮ್ಮೆ ಕದಡಿಹೋದರೆ ಮತ್ತೆ ಕೂಡಿಬರಲು ದೀರ್ಘಕಾಲ ಬೇಕು. ಅದೂ ಆ ನೇಗಿಲು ಗಂಟುಗಳನ್ನು ಕೆಸರಿನಲ್ಲಿ ಹೂತಿತೇ ಹೊರತು ಮೇಲಕ್ಕೆ ಒಯ್ಯಲಿಲ್ಲ. ನಿಜವಾದ ಗಣಿಗಾರಿಕೆಯಲ್ಲಾದರೋ ಗಂಟುಗಳು ಮರಳಿ ಬಾರದಂತೆ ಹೋಗುತ್ತವೆ. ಯಂತ್ರಗಳು ಎಬ್ಬಿಸುವ ಕೆಸರಿನ ಮೋಡವು ಸುತ್ತಣ ಪ್ರದೇಶದ ಮೇಲೂ ಕವಿಯುತ್ತದೆ.

ಈ ವಿಷಯ ನಮಗೆ ದೂರದ್ದಲ್ಲ. ಹಿಂದೂ ಮಹಾಸಾಗರದ ಮಧ್ಯಭಾಗದಲ್ಲಿ 75,000 ಚದರ ಕಿಲೋಮೀಟರು ಕ್ಷೇತ್ರದ ಅನ್ವೇಷಣೆಗಾಗಿ ಭಾರತವು ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಡನೆ 2002ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಅಲ್ಲಿನ ಕೆಸರನ್ನು ಕದಡಿ ಪರಿಣಾಮಗಳನ್ನು ಅಳೆಯುವ ಪ್ರಯೋಗವನ್ನು ಅದಕ್ಕೂ ಮುನ್ನ, 1997ರಲ್ಲಿಯೇ, ನಡೆಸಿದೆ. ನೆಲದ ಮೇಲಿನ ಗಣಿಗಳೂ ಕಾಡನ್ನೂ ನೀರನ್ನೂ ಕೆಡಿಸುತ್ತವೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನೆಲದ ಗಾಯ ನಮ್ಮ ಕಣ್ಣಿಗೆ ಬೀಳುತ್ತದೆ. ಸಾಗರತಳದ ಗಾಯವನ್ನು ನಾವಾಗಿ ಇಳಿದು ನೋಡಿದ ಹೊರತು ಅರಿಯಲಾರೆವು. ಆದಕಾರಣ ಅಲ್ಲಿ ಅಗೆತಕ್ಕೆ ಮುನ್ನ ಅಧ್ಯಯನ ನಡೆಯುವುದು ಅತ್ಯವಶ್ಯ.