ಅಂಗವಿಕಲರ ಸ್ವತಂತ್ರ ಬದುಕು: ರೈತ ಕುಟುಂಬ ಏನು ಮಾಡಬಹುದು?

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕತ್ತರಿಗುಪ್ಪೆ ಮತ್ತು ಹೊಸಕೆರೆಹಳ್ಳಿಗಳ ನೆರೆಯಲ್ಲಿ ಇಟ್ಟಮಡು ಎಂಬ ಊರಿದೆ. ಇಂದು ಅದು ಬನಶಂಕರಿ ಮೂರನೆಯ ಹಂತದೊಡನೆ ಬೆರೆತು ನಗರವೇ ಆಗಿದೆ. ಒಂದು ಕಾಲಕ್ಕೆ ಅದೂ ನಿಮ್ಮ ಊರಿನಂತೆ ಒಂದು ಹಳ್ಳಿಯಾಗಿತ್ತು. ನಗರ ಬೆಳೆದಂತೆ ಇಂಥ ಹಳ್ಳಿಗಳ ಹೊಲಗಳು ನಿವೇಶನಗಳಾಗುತ್ತವೆ. ಆಗ ಜಮೀನಿನ ಜೊತೆಗೆ ಇನ್ನೊಂದು ವಸ್ತುವೂ ಕೈಬಿಟ್ಟು ಹೋಗುತ್ತದೆ. ಒಕ್ಕಲು ಮನೆಯಲ್ಲಿ ಕಾಲಿಗೆ ಸ್ವಾಧೀನವಿಲ್ಲದವನು ಕೂತಲ್ಲೇ ಅವರೆಕಾಯಿ ಬಿಡಿಸುತ್ತಾನೆ. ಕಣ್ಣು ಕಾಣದವಳು ಹಗ್ಗ ಹೊಸೆಯುತ್ತಾಳೆ. ಮಾತು ಬಾರದ ಹುಡುಗ ಕುರಿ ಕಾಯುತ್ತಾನೆ. ಹೊಲ ಹೋದ ಮೇಲೆ ಈ ಕೆಲಸಗಳೂ ಇಲ್ಲ. ಮನೆಬಾಗಿಲು ವಾಹನ ಓಡಾಡುವ ಬೀದಿಗೆ ತೆರೆಯುತ್ತದೆ. ಅಂಥವರು ಒಳಕೋಣೆ ಸೇರುತ್ತಾರೆ.

ಆದರೆ ನಗರಕ್ಕೆ ಅದರದೇ ಆದ ಅನುಕೂಲವೂ ಇದೆ. ಇಟ್ಟಮಡುವಿನಿಂದ ಕೆಲವೇ ಕಿಲೋಮೀಟರು ದೂರದ ಜೆ.ಪಿ. ನಗರದಲ್ಲಿ 1969ರಲ್ಲಿ ಆರಂಭವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಅದೇ ಬಡಾವಣೆಯಲ್ಲಿ, 1994ರಲ್ಲಿ ಸ್ಥಾಪಿತವಾದ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೃತಕ ಕಾಲು, ಆಧಾರ ಪಟ್ಟಿ, ಗಾಲಿಕುರ್ಚಿಗಳನ್ನು ಒದಗಿಸುವುದರ ಜೊತೆಗೆ ಅವುಗಳನ್ನು ತಯಾರಿಸುವ ತರಬೇತಿಯನ್ನೂ ಕೊಡುತ್ತಿದೆ. ಹಳ್ಳಿಯಲ್ಲಿ ನೆಲವಿದೆ, ಕೆಲಸವಿದೆ, ಗುರುತಿನ ಜನರಿದ್ದಾರೆ. ಸೇವೆ ಮಾತ್ರ ದೂರ. ನಗರದಲ್ಲಿ ಸೇವೆ ಹತ್ತಿರ, ನೆಲವಿಲ್ಲ. ಇವೆರಡನ್ನೂ ಜೋಡಿಸಿದರೆ ಅಂಗವಿಕಲರು ತಮ್ಮ ಊರಿನಲ್ಲಿಯೇ ಮರ್ಯಾದೆಯಿಂದ ಬಾಳಬಹುದು. ಅದನ್ನು ಮಾಡುವ ಬಗೆಯನ್ನು ಇಲ್ಲಿ ತಿಳಿಸಲಾಗಿದೆ.

ಇದು ಕೆಲವೇ ಮನೆಗಳ ಪ್ರಶ್ನೆಯಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದು, ಪ್ರತಿ ನೂರು ಮಂದಿಯಲ್ಲಿ 69 ಮಂದಿ ಹಳ್ಳಿಗಳಲ್ಲಿಯೇ ಇದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷ 24 ಸಾವಿರ.

ಸ್ವತಂತ್ರ ಬದುಕು ಎಂದರೇನು?

ಎಲ್ಲ ಕೆಲಸವನ್ನೂ ಒಬ್ಬರೇ ಮಾಡಿಕೊಳ್ಳುವುದೇ ಸ್ವಾತಂತ್ರ್ಯವೆಂದು ಹಲವರು ತಿಳಿದಿದ್ದಾರೆ. ಹಾಗಾದರೆ ಯಾವ ರೈತನೂ ಸ್ವತಂತ್ರನಲ್ಲ. ನಾಟಿಗೆ, ಕಟಾವಿಗೆ ನೀವು ಮುಯ್ಯಾಳು ಕರೆಯುತ್ತೀರಿ. ಬಂದವರು ನಿಮ್ಮ ಗದ್ದೆಯಲ್ಲಿ ದುಡಿಯುತ್ತಾರೆ. ಯಾವ ಬೆಳೆ, ಯಾವ ದಿನ ಎಂಬ ತೀರ್ಮಾನ ಮಾತ್ರ ನಿಮ್ಮದೇ. ಅಂಗವಿಕಲರ ವಿಷಯವೂ ಹೀಗೆಯೇ. ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾಗಬಹುದು. ಆದರೆ ಎಷ್ಟು ಹೊತ್ತಿಗೆ ಏಳಬೇಕು, ಏನು ಕೆಲಸ ಮಾಡಬೇಕು, ದುಡಿದ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ಅವರೇ ನಿರ್ಧರಿಸುವಂತಿರಬೇಕು.

ಈ ವಿಚಾರವನ್ನು ಜಗತ್ತಿನ ಮುಂದಿಟ್ಟವರು ಅಂಗವಿಕಲರೇ. ಅಮೆರಿಕದ ಎಡ್ ರಾಬರ್ಟ್ಸ್ ಎಂಬುವರಿಗೆ ಪೋಲಿಯೋದಿಂದ ಕೈಕಾಲು ಬಿದ್ದುಹೋಗಿ, ಉಸಿರಾಟಕ್ಕೂ ಯಂತ್ರದ ನೆರವು ಬೇಕಾಗಿತ್ತು. ಅವರೂ ಅವರ ಗೆಳೆಯರೂ ಸೇರಿ 1972ರಲ್ಲಿ ಬರ್ಕ್ಲಿ ನಗರದಲ್ಲಿ ಸ್ವತಂತ್ರ ಜೀವನ ಕೇಂದ್ರವನ್ನು ತೆರೆದರು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 19ನೆಯ ವಿಧಿ, ಸಮುದಾಯದ ನಡುವೆ ಸ್ವತಂತ್ರವಾಗಿ ಬದುಕುವುದು ಎಲ್ಲರ ಹಕ್ಕು ಎಂದು ಸಾರಿತು. ಭಾರತ 2007ರಲ್ಲಿ ಇದಕ್ಕೆ ಸಮ್ಮತಿ ನೀಡಿತು.

ಗಿಡ ಬೆಳೆಸುವ ಕೈಗಳು

ನಮ್ಮ ನಾಡಿನಲ್ಲಿಯೂ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿಯನ್ನು ಅವಲಂಬಿಸಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಘವನ್ನು ಸ್ಥಾಪಿಸಿದರು. ಅದು ಈಗ ಎ.ಪಿ.ಡಿ. ಎಂದು ಪ್ರಸಿದ್ಧವಾಗಿದ್ದು, ಲಿಂಗರಾಜಪುರದಲ್ಲಿ ಅದರ ಕಚೇರಿಯಿದೆ. ಈ ಸಂಸ್ಥೆ 1988ರಲ್ಲಿ ಜೀವನ್ ಬಿಮಾ ನಗರದಲ್ಲಿ ಅಂಗವಿಕಲರಿಗೆ ತೋಟಗಾರಿಕೆ ತರಬೇತಿಯನ್ನು ಆರಂಭಿಸಿತು. ಸಸಿ ಬೆಳೆಸುವುದು, ಕುಂಡ ತುಂಬುವುದು, ತೋಟದ ನಿರ್ವಹಣೆ ಮುಂತಾದ ಕೆಲಸಗಳನ್ನು ಅಲ್ಲಿ ಕಲಿಸಲಾಗುತ್ತದೆ.

ಅಂಧರು ಬೇಸಾಯ ಮಾಡಲಾರರು ಎಂಬುದೂ ತಪ್ಪು ತಿಳಿವಳಿಕೆ. ಗುಜರಾತಿನ ಫಣಸಾ ಎಂಬಲ್ಲಿ ರಾಷ್ಟ್ರೀಯ ಅಂಧರ ಸಂಘದ ಕೃಷಿ ಮತ್ತು ಗ್ರಾಮೀಣ ತರಬೇತಿ ಕೇಂದ್ರ 1960ರಲ್ಲಿಯೇ ಆರಂಭವಾಯಿತು. ಉದ್ದೇಶ ಸ್ಪಷ್ಟ: ಅಂಧನನ್ನು ಪಟ್ಟಣಕ್ಕೆ ಕಳಿಸಿ ಬೆತ್ತದ ಕುರ್ಚಿ ಹೆಣೆಯುವುದನ್ನು ಮಾತ್ರ ಕಲಿಸುವ ಬದಲು, ಅವನ ಸ್ವಂತ ಜಮೀನಿನಲ್ಲಿ ಅವನಿಗೆ ಸ್ಥಾನ ದೊರಕಿಸುವುದು.

ಹೊಲ ಮತ್ತು ಮನೆಯಲ್ಲಿ ಮಾಡಬಹುದಾದ ಮಾರ್ಪಾಡುಗಳು

ಕೆಳಗಿನವುಗಳಿಗೆ ಹೆಚ್ಚಿನ ಖರ್ಚಿಲ್ಲ. ಊರಿನ ಬಡಗಿ, ಗಾರೆಯವರು, ಕಮ್ಮಾರರು ಇವನ್ನು ಮಾಡಿಕೊಡಬಲ್ಲರು.

1. ಇಳಿಜಾರು: ಹೊಸ್ತಿಲು ಅಥವಾ ಮೆಟ್ಟಿಲಿನ ಎತ್ತರ ಒಂದು ಅಡಿಯಿದ್ದರೆ ಇಳಿಜಾರಿನ ಉದ್ದ 12 ಅಡಿ ಇರಬೇಕು, ಅರ್ಧ ಅಡಿಗೆ 6 ಅಡಿ. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುವ ಅಪಾಯವಿದೆ. ಅಗಲ 3 ಅಡಿಗೆ ಕಡಿಮೆಯಾಗದಿರಲಿ. ಮೇಲ್ಮೈ ಒರಟಾಗಿರಲಿ.

2. ಎತ್ತರಿಸಿದ ಮಡಿ: ಕೂತು ಕೆಲಸ ಮಾಡುವವರಿಗೆ ನೆಲದಿಂದ ಸುಮಾರು 2 ಅಡಿ ಎತ್ತರಕ್ಕೆ ಕಲ್ಲು ಅಥವಾ ಇಟ್ಟಿಗೆಯ ಕಟ್ಟೆ ಕಟ್ಟಿ ಮಣ್ಣು ತುಂಬಿ. ಒಂದೇ ಕಡೆಯಿಂದ ಕೈ ಚಾಚುವುದಾದರೆ ಅಗಲ 2 ಅಡಿ, ಎರಡೂ ಕಡೆಯಿಂದಾದರೆ 4 ಅಡಿ. ಮಡಿಗಳ ನಡುವಿನ ದಾರಿ 3 ಅಡಿಯಾದರೂ ಇರಲಿ. ಸೊಪ್ಪು, ಮೆಣಸಿನ ಸಸಿ, ಹೂವಿನ ಸಸಿಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ.

3. ದಾರಿ ಹಗ್ಗ: ಕಣ್ಣು ಕಾಣದವರಿಗಾಗಿ ಹಿತ್ತಲ ಬಾಗಿಲಿನಿಂದ ಶೌಚಾಲಯಕ್ಕೆ, ಅಲ್ಲಿಂದ ಕೊಟ್ಟಿಗೆಗೆ ಸೊಂಟದ ಎತ್ತರದಲ್ಲಿ ಹಗ್ಗ ಎಳೆದು ಕಟ್ಟಿ. ತಿರುವು ಇರುವಲ್ಲಿ ಒಂದು ಗಂಟು ಹಾಕಿ. ಹಗ್ಗದ ದಾರಿಯಲ್ಲಿ ನೇಗಿಲು, ಗುದ್ದಲಿಗಳನ್ನು ಒರಗಿಸಬೇಡಿ. ಬಾವಿಗೆ ಕಟ್ಟೆ ಇರಲೇಬೇಕು.

4. ಗಂಟಿನ ದಾರ: ಸಸಿ ನೆಡುವ ಅಂತರಕ್ಕೆ ಸರಿಯಾಗಿ ದಾರದಲ್ಲಿ ಗಂಟು ಹಾಕಿ, ಸಾಲಿನ ಎರಡೂ ತುದಿಗೆ ಗೂಟ ಹೊಡೆದು ಕಟ್ಟಿ. ಗಂಟು ಮುಟ್ಟಿ ನೋಡಿ ಅಂಧರು ನೇರ ಸಾಲಿನಲ್ಲಿ ನಾಟಿ ಮಾಡಬಲ್ಲರು.

5. ಉಪಕರಣ: ಬಾಗಲಾರದವರಿಗೆ ಕಳೆ ತೆಗೆಯುವ ಕುಂಟೆಗೆ ಉದ್ದನೆಯ ಹಿಡಿ ಹಾಕಿಸಿ. ಹಿಡಿತ ಸಾಲದ ಕೈಗೆ ಹಿಡಿಯ ಮೇಲೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ.

6. ಶೌಚಾಲಯ: ಕುಕ್ಕರಗಾಲಿನಲ್ಲಿ ಕೂರಲಾರದವರಿಗೆ ನಡುವೆ ತೂತು ಕೊರೆದ ಭದ್ರವಾದ ಕುರ್ಚಿಯನ್ನು ಶೌಚದ ಗುಂಡಿಯ ಮೇಲೆ ಇಡಿ. ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಿಸಿ. ಇದೊಂದರಿಂದಲೇ ಎಷ್ಟೋ ಜನ ಇನ್ನೊಬ್ಬರನ್ನು ಕರೆಯುವ ಸಂಕೋಚದಿಂದ ಪಾರಾಗುತ್ತಾರೆ.

ಯಾರಿಗೆ ಯಾವ ಕೆಲಸ?

ಕೂತು ಮಾಡುವ ಕೆಲಸಗಳು ಒಕ್ಕಲುತನದಲ್ಲಿ ಬೇಕಾದಷ್ಟಿವೆ: ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬುವುದು, ಕಸಿ ಕಟ್ಟುವುದು, ಅಣಬೆ ಬೇಸಾಯ, ರೇಷ್ಮೆಗೂಡು ಬಿಡಿಸಿ ವಿಂಗಡಿಸುವುದು, ಹೂ ಕಟ್ಟುವುದು, ಕೋಳಿ ಸಾಕಣೆ. ಬೌದ್ಧಿಕ ಬೆಳವಣಿಗೆ ಕುಂಠಿತವಾದವರಿಗೆ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಕಲಿಸಬೇಕು. ಉದಾಹರಣೆಗೆ, ಸಸಿಚೀಲಕ್ಕೆ ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರಗಳನ್ನು ಸಮಪ್ರಮಾಣದಲ್ಲಿ ಬೆರೆಸಬೇಕಾದರೆ ಮೂರಕ್ಕೂ ಒಂದೇ ಅಳತೆಯ ಬಾಂಡ್ಲಿ ಕೊಡಿ. ಮೊದಲು ತುಂಬುವುದನ್ನಷ್ಟೇ ಕಲಿಸಿ. ಅದು ಕೈಗೆ ಹತ್ತಿದ ಮೇಲೆ ಬೆರೆಸುವುದನ್ನು ಕಲಿಸಿ. ಕಿವಿ ಕೇಳದವರಿಗೆ ಹೇಳುವುದಕ್ಕಿಂತ ಮಾಡಿ ತೋರಿಸಬೇಕು. ಅವರು ಹೊಲದಲ್ಲಿದ್ದಾಗ ಹಿಂದೆ ನೋಡದೆ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯಬಾರದು. ಮೂರ್ಛೆ ರೋಗವುಳ್ಳವರನ್ನು ಬಾವಿ, ಮರ ಹತ್ತುವ ಕೆಲಸ, ಒಕ್ಕಣೆ ಯಂತ್ರಗಳಿಂದ ದೂರವಿಡಬೇಕು. ಕೀಟನಾಶಕವನ್ನು ಎಂದಿಗೂ ಕುಡಿಯುವ ಪದಾರ್ಥದ ಸೀಸೆಗೆ ಸುರಿದಿಡಬಾರದು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೆಲಸ ಮಾಡಿಸಿದ ಮೇಲೆ ಕೂಲಿ ಕೊಡಬೇಕು. ಮನೆಯವನೇ ಅಲ್ಲವೆ ಎಂದು ಊಟ ಬಟ್ಟೆಗೆ ಸರಿಹೋಯಿತೆನ್ನುವುದು ನ್ಯಾಯವಲ್ಲ. ಸಸಿ ಮಾರಿದ ಹಣದ ಪಾಲು ಅವರ ಹೆಸರಿನ ಬ್ಯಾಂಕ್ ಖಾತೆಗೆ ಹೋಗಲಿ.

ಹೊಲದಲ್ಲಿಯೇ ಆಗುವ ಅಂಗವಿಕಲತೆ

ಅಂಗವಿಕಲತೆ ಹುಟ್ಟಿನಿಂದಲೇ ಬರಬೇಕೆಂದಿಲ್ಲ. ಅಡಿಕೆ ಅಥವಾ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ನಿನ್ನೆಯವರೆಗೆ ಮನೆಗೆ ಆಧಾರವಾಗಿದ್ದವನೇ ಹಾಸಿಗೆ ಹಿಡಿಯುತ್ತಾನೆ. ಬಿದ್ದವರನ್ನು ಕೈಕಾಲು ಹಿಡಿದು ಮಡಿಸಿ ಎತ್ತಬಾರದು. ಕತ್ತು ಮತ್ತು ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ಸ್ಪರ್ಶಜ್ಞಾನ ಹೋದವರನ್ನು ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇಂಥವರಿಗಾಗಿ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಬಳಿ, ಸೌತಡ್ಕದಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರವಿದೆ.

ಕೊಕ್ಕಡದ ಹೆಸರು ಇನ್ನೊಂದು ಕಾರಣಕ್ಕೂ ರೈತರಿಗೆ ನೆನಪಿರಬೇಕು. ಗೇರು ತೋಟಗಳಿಗೆ 2000ದವರೆಗೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಬಾಧಿತರಾದ ಕುಟುಂಬಗಳು ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಇವೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಔಷಧಿಯನ್ನು ನಿಷೇಧಿಸಿತು. ಅಲ್ಲಿನ ಮಕ್ಕಳಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಮಗುವನ್ನು ಹಗಲು ನೋಡಿಕೊಳ್ಳುವವರಿದ್ದರೆ ಮಾತ್ರ ತಾಯಿ ಕೂಲಿಗೆ ಹೋಗಬಲ್ಲಳು.

ಕಾಲು ಕಳೆದುಕೊಂಡವರು ಬೇಸಾಯ ಬಿಡಬೇಕಾಗಿಲ್ಲ. ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ.ಕೆ. ಸೇಠಿ ಅವರು 1960ರ ದಶಕದ ಕೊನೆಯಲ್ಲಿ ರೂಪಿಸಿದ ಜೈಪುರ ಪಾದವನ್ನು ತೊಟ್ಟು ಬರಿಗಾಲಿನಂತೆ ಕೆಸರಿನಲ್ಲಿ ನಡೆಯಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು.

ನೆರವು ಎಲ್ಲಿ ದೊರೆಯುತ್ತದೆ?

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರು ಸಾಮಾನ್ಯವಾಗಿ ಸ್ವತಃ ಅಂಗವಿಕಲರು, ಕಷ್ಟ ಬಲ್ಲವರು. ಗುರುತಿನ ಚೀಟಿ, ಮಾಸಾಶನ, ಬಸ್ ಪಾಸ್, ಸಾಧನ ಸಲಕರಣೆಗಳಿಗೆ ಅರ್ಜಿ ಹಾಕಲು ನೆರವಾಗುತ್ತಾರೆ. ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇಕಡ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಅದು ಯಾವುದಕ್ಕೆ ಖರ್ಚಾಯಿತೆಂದು ಗ್ರಾಮಸಭೆಯಲ್ಲಿ ಕೇಳಿ. ಪಂಚಾಯಿತಿ ಕಚೇರಿಗೇ ಇಳಿಜಾರು ಇಲ್ಲದಿದ್ದರೆ ಅದೇ ಮೊದಲ ಕೆಲಸವಾಗಲಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಶೇಕಡ 40 ಅಥವಾ ಹೆಚ್ಚಿನ ಅಂಗವಿಕಲತೆಯುಳ್ಳವರಿಗೆ, ಕೃಷಿ ಭೂಮಿ ಮತ್ತು ವಸತಿ ಹಂಚುವ ಯೋಜನೆಗಳಲ್ಲಿಯೂ ಬಡತನ ನಿವಾರಣೆ ಯೋಜನೆಗಳಲ್ಲಿಯೂ ಶೇಕಡ 5 ಮೀಸಲಾತಿ ಇದೆ.

ನಮ್ಮ ನಂತರ ಯಾರು?

ತಂದೆತಾಯಿಗಳನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ನೀವು ಗಟ್ಟಿಯಾಗಿರುವಾಗಲೇ ಹುಡುಕಬೇಕು.

ಮೊದಲನೆಯದಾಗಿ, ಮನೆ ಪಾಲಾಗುವಾಗ ಅಂಗವಿಕಲ ಮಗ ಅಥವಾ ಮಗಳನ್ನು ಬಿಟ್ಟು ಪತ್ರ ಬರೆಸಬೇಡಿ. ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆಂಬ ಬಾಯಿಮಾತು ಒಂದು ತಲೆಮಾರಿಗೂ ಬಾಳುವುದಿಲ್ಲ. ರೋಗ, ಊನ, ಅಂಗವಿಕಾರ ಯಾವುದೂ ಆಸ್ತಿಯ ಹಕ್ಕನ್ನು ತಪ್ಪಿಸುವುದಿಲ್ಲವೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ಹೇಳುತ್ತದೆ. ಆಸ್ತಿ ಹೊಂದುವ, ಹಣಕಾಸು ನಿರ್ವಹಿಸುವ ಸಮಾನ ಹಕ್ಕನ್ನು 2016ರ ಕಾಯಿದೆಯೂ ಎತ್ತಿ ಹಿಡಿದಿದೆ. ಹೆಸರಿನಲ್ಲಿ ಹತ್ತು ಗುಂಟೆ ಇದ್ದವರಿಗೆ ಮನೆಯಲ್ಲಿ ಇರುವ ಸ್ಥಾನವೇ ಬೇರೆ.

ಎರಡನೆಯದಾಗಿ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಅಥವಾ ಬಹುವಿಧ ಅಂಗವಿಕಲತೆಯುಳ್ಳವರಿಗೆ 18 ವರ್ಷ ತುಂಬಿದ ಮೇಲೆ ಅಗತ್ಯವಿದ್ದಲ್ಲಿ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅವಕಾಶ ಕೊಟ್ಟಿದೆ. ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು.

ಮೂರನೆಯದಾಗಿ, ಒಂದು ಕಸುಬು. ಎಷ್ಟೇ ಚಿಕ್ಕದಾಗಲಿ, ಊರಿನವರು ಅದಕ್ಕಾಗಿ ಅವರ ಬಾಗಿಲಿಗೆ ಬರುವಂತಿರಬೇಕು. ಮೆಣಸಿನ ಸಸಿ ಬೇಕೆಂದು ಬರುವ ನೆರೆಯವನೇ ನಾಳೆ ಕಷ್ಟ ವಿಚಾರಿಸಲೂ ಬರುತ್ತಾನೆ.

ಈ ತಿಂಗಳು ಮಾಡಬೇಕಾದ ಕೆಲಸ ಇಷ್ಟೇ. ನಿಮ್ಮ ಮನೆಯಲ್ಲಿ ಅಥವಾ ಕೇರಿಯಲ್ಲಿ ಅಂಗವಿಕಲರಿದ್ದರೆ ಅವರ ಬಳಿ ಕೂತು, ಅವರಿಗೆ ಯಾವ ಕೆಲಸ ಇಷ್ಟ, ಯಾವುದು ಅಡ್ಡಿಯಾಗಿದೆ ಎಂದು ಅವರನ್ನೇ ಕೇಳಿ. ಬಾಗಿಲಿನಿಂದ ಕೊಟ್ಟಿಗೆಯವರೆಗಿನ ದಾರಿಯನ್ನು ಅವರೊಡನೆ ಒಮ್ಮೆ ನೋಡಿ. ಪುನರ್ವಸತಿ ಕಾರ್ಯಕರ್ತರನ್ನು ಮನೆಗೆ ಕರೆಸಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಣಬೆ, ಸಸ್ಯಾಭಿವೃದ್ಧಿ ಮುಂತಾದ ತರಬೇತಿ ನಡೆಯುವಾಗ ಅವರ ಹೆಸರನ್ನೂ ಬರೆಸಿ. ಬೇಸಾಯದಲ್ಲಿ ಯಾವ ನೆಲವನ್ನೂ ನಾವು ನಿಷ್ಪ್ರಯೋಜಕವೆಂದು ಬಿಡುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಅದಕ್ಕೆ ಒಪ್ಪುವ ಬೆಳೆಯನ್ನು ಹುಡುಕುತ್ತೇವೆ. ಮನೆಯ ಮಕ್ಕಳ ವಿಷಯದಲ್ಲಿಯೂ ಅಷ್ಟೇ ಶ್ರಮ ತೆಗೆದುಕೊಳ್ಳೋಣ.